ಸರ್ವೆಯ ಗಿಡ

ನಾನು ನಿಂತಿದ್ದು ಕಮಲಾಪುರದಲ್ಲಿ, ನಮ್ಮ ಸೋದರಮಾವನ ಬಾವಿಯ ಮೂಡಣ ಕಟ್ಟೆಯ ಮೇಲೆ. ಸೋಮವಾರ, ಬಿಸಿಲಿನ್ನೂ ನೀರೆಳೆಯುವ ಗಡಗಡಿಗೆ ಮುಟ್ಟಿರಲಿಲ್ಲ. ಇಷ್ಟು ಖಚಿತವಾಗಿ ಹೇಳದಿದ್ದರೆ, ನಿಜಾಮರ ಸೀಮೆಯಲ್ಲಿ ಒಬ್ಬ ಮನುಷ್ಯ ಗಿಡವೊಂದನ್ನು ಗೂಢಚಾರನೆಂದು ತಿಳಿದಿದ್ದನೆಂದರೆ ನೀವು ನಂಬುತ್ತೀರಾ?

ಮಾವನ ಗೆಳೆಯರೊಬ್ಬರು ಕಲಬುರಗಿಯ ತೋಟವೊಂದರಲ್ಲಿ ಮಾಲಿ. ನನಗೆ ಚಾಚಾ. ಆ ಸೋಮವಾರಕ್ಕೆ ಎರಡು ವರ್ಷದ ಹಿಂದೆ ಬಾವಿಯ ಪಕ್ಕ ಎರಡು ಸಸಿ ನೆಟ್ಟುಕೊಟ್ಟಿದ್ದರು. ಒಂದು ಕಾಡುಗುಲಾಬಿ. ಇನ್ನೊಂದು ಹಸಿರು ಗೋಪುರದಂತೆ ನೆಟ್ಟಗೆ ಏಳುವ ಗಿಡ. ಇಂಗ್ಲಿಷಿನಲ್ಲಿ ಸೈಪ್ರಸ್. ಹೆಸರು ಕೇಳಿದರೆ ಚಾಚಾ ಉರ್ದುವಿನಲ್ಲಿ "ಸರ್ವ್ ಕಾ ಝಾಡ್" ಎಂದರು. ಮಾವನಿಗೆ ಕೇಳಿಸಿದ್ದು "ಸರ್ವೆ"! ಅದೇ ವಾರ ಸರ್ವೆಯವರು ಸರಪಳಿ ಹಿಡಿದು ಹೊಲ ಅಳೆಯಲು ಬಂದಿದ್ದರು. ಸಾಲದೇ? ಗಿಡವೇ ಸರಕಾರದ ಗುರುತು, ಅದರಾಚೆಯ ಬಾವಿ ಇನ್ನು ಕೈಬಿಟ್ಟಂತೆ, ಗೆಳೆಯನೇ ಸರಕಾರದ ಕಿವಿ! ಮಾವ ಅವರೊಡನೆ ಮಾತು ಬಿಟ್ಟ.

"ಗುಲಾಬಿ ನೋಡು, ಮುಳ್ಳು ಎದುರಿಗೇ ಇಟ್ಟದ. ಇದಕ್ಕ ಮುಳ್ಳಿಲ್ಲ, ಹೂವಿಲ್ಲ. ಏನೋ ಮುಚ್ಚಿಟ್ಟದ!"

"ನಿಮಗೂ ಹೂವಿಲ್ಲ. ನಾ ಸಂಶಯ ಪಟ್ಟೀನೇನ್ರಿ?" ಎನ್ನುತ್ತಿದ್ದರು ಅತ್ತೆ.

ಕಡಿದರೆ ಸರಕಾರ ಹಿಡಿದೀತೆಂಬ ಭಯ. ಹಾಗಾಗಿ ಮಾವ ಪ್ರತಿ ಸೋಮವಾರ ಗಿಡದ ಅಂಚಿನಿಂದ ಬಾವಿಕಟ್ಟೆಗೆ ಹಗ್ಗ ಹಿಡಿದು ಅಳೆಯುತ್ತಿದ್ದ. ಆ ದಿನ ಹಗ್ಗ ನಾಲ್ಕು ಬೆರಳು ಮಿಕ್ಕಿತು. ಗಿಡ ಮೈದುಂಬಿತ್ತು, ಅಷ್ಟೇ. ಮಾವ ಕೂಗಿದ: "ಬಾವಿ ಕಡೆ ಸರದದ!"

ಭಯವೂ ಹಾರಿಹೋಯಿತು. ಕೊಡಲಿ ಬಂತು. ಇಬ್ಬರ ಮುನಿಸು ಮುರಿಯಲೆಂದು ಅತ್ತೆ ವಾರದ ಹಿಂದೆಯೇ ಗುಟ್ಟಾಗಿ ಹೇಳಿಕಳಿಸಿದ್ದರಿಂದ ಚಾಚಾ ಆಗತಾನೇ ಬಂಡಿ ಇಳಿದಿದ್ದರು. ನೇರ ಬಂದು ಗಿಡಕ್ಕೂ ಎತ್ತಿದ ಕೊಡಲಿಗೂ ನಡುವೆ ನಿಂತರು. ಕೊಡಲಿಯಿಂದ ಅವರ ಹೆಗಲಿಗೆ ಒಂದು ಮೊಳ.

"ಹೊಡೀರಿ ಗೌಡ್ರ. ಮೊದಲ ಇದರ ಹೆಸರಾರ ಸರಿ ಹೇಳ್ರಿ."

"ಸರ್ವೆ!"

"ಸರ್ವೆ ಅಲ್ರೀ, ಸರ್ವ್! ಗಿಡದ ಹೆಸರೇ ಅದು!"

ಚಾಚಾ ಗಿಡದ ಒಂದು ಎಳೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮಾವನ ಮೂಗಿಗೆ ಹಿಡಿದರು. "ಗುಲಾಬಿ ಕೇಳದೇ ವಾಸನಿ ಕೊಡ್ತದ. ಇದನ್ನ ತಿಕ್ಕಿ ನೋಡಬೇಕ್ರೀ. ಎರಡು ವರ್ಷ ನೀವು ಹಗ್ಗಾನೇ ಹಿಡಿದ್ರಿ, ಕೈ ಹಚ್ಚಲಿಲ್ಲ."

ಮಾವ ಮೂಸಿದ. ಸಂಶಯದ ಮನುಷ್ಯನಲ್ಲವೇ, ಮತ್ತೊಮ್ಮೆ ಮೂಸಿದ! ಕೊಡಲಿ ಕೆಳಗಿಟ್ಟು, ಆ ಅಂಗೈಯನ್ನು ಹಾಗೇ ಹಿಡಿದುಕೊಂಡು, ಬೇರೆ ಕಡೆ ನೋಡುತ್ತ ಹೇಳಿದ: "ಉಂಡೇ ಹೋಗಬೇಕು."

ಮಾವ ಈಗಿಲ್ಲ. ಅಂದು ನನ್ನ ಜೊತೆ ಇದನ್ನು ಕಂಡವರಲ್ಲಿ ಅತ್ತೆ ಇದ್ದಾರೆ. ಚಾಚಾ ಇದ್ದಾರೆ; ಈಗಲೂ ಪ್ರತಿ ಸೋಮವಾರ ಬರುತ್ತಾರೆ, ಮಾವನ ಹಾಗೇ ಗಿಡದಿಂದ ಕಟ್ಟೆಗೆ ಹಗ್ಗ ಹಿಡಿದು ಅಳೆಯುತ್ತಾರೆ.