ಬಾಡಿಗೆ ಅಂಗಳದಲ್ಲಿ ಬಂಗಲೆ ತೋಟ

ಮನುಷ್ಯನಿಗೆ ಸಿಟ್ಟು ಬಂದರೆ ಬೈದು ಹಗುರಾಗಬಹುದು. ದುಃಖವಾದರೆ ಅತ್ತು ಹಗುರಾಗಬಹುದು. ಆದರೆ ದಂಗುಬಡಿದು ನಿಂತರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಬಾಯಿ ತೆರೆದುಕೊಳ್ಳುತ್ತದೆ, ಮಾತು ಬರುವುದಿಲ್ಲ. ಎದುರಿಗಿದ್ದವನು ನಾವು ಒಪ್ಪಿಕೊಂಡೆವೆಂದೇ ತಿಳಿದು ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಾನೆ. ಹುಣಸೂರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಕಾಲದಲ್ಲಿ ನಾನು ಹೆಚ್ಚುಕಡಿಮೆ ಒಂದು ವರ್ಷವನ್ನು ಹೀಗೆ ಬಾಯಿ ತೆರೆದುಕೊಂಡೇ ಕಳೆದೆ. ಕೋರ್ಟಿನಲ್ಲಲ್ಲ, ಅಲ್ಲಿ ಬಾಯಿ ತೆರೆದರೆ ಮಾತೂ ಬರುತ್ತಿತ್ತು, ಕೆಲವು ಸಲ ಫೀಸೂ ಬರುತ್ತಿತ್ತು. ಇದು ನಡೆದದ್ದು ನನ್ನ ಮನೆಯ ಅಂಗಳದಲ್ಲಿ. ತೋಟ ಮಾಡಿಸಲು ಎಷ್ಟು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಉತ್ತರ ಹೇಳುವುದಿಲ್ಲ, ಒಂದು ಲೋಟ ನೀರು ಕೇಳುತ್ತೇನೆ.

ನನ್ನ ಮನೆ ಎಂದೆ. ಅದು ಬಾಯಿಮಾತು. ಮನೆ ಹೊಗೆಸೊಪ್ಪಿನ ವ್ಯಾಪಾರದ ಪುಟ್ಟಬಸಪ್ಪ ಸಾಹುಕಾರರದು, ಬಾಡಿಗೆ ಮಾತ್ರ ನನ್ನದು. ಸಾಹುಕಾರರು ನಮ್ಮನ್ನು ನೋಡಲು ಎಂದೂ ಬಂದವರಲ್ಲ. ತಿಂಗಳ ಮೊದಲಲ್ಲಿ ಅವರ ಗುಮಾಸ್ತ ಬಂದು ಹದಿನೈದು ರೂಪಾಯಿ ಎಣಿಸಿಕೊಂಡು ಹೋಗುತ್ತಿದ್ದ. ಒಮ್ಮೆ ಅಡಿಗೆಮನೆ ಸೋರುತ್ತಿದೆ ಎಂದು ಹೇಳಿಕಳಿಸಿದ್ದಕ್ಕೆ "ಮಳೆಗಾಲದಲ್ಲಿ ಸೋರ್ದೆ ಬ್ಯಾಸ್ಗೇಲಿ ಸೋರ್ತದಾ?" ಎಂದು ಮರುಪ್ರಶ್ನೆ ಬಂದಿತ್ತು. ಮನೆಯ ಮುಂದೆ ದೊಡ್ಡ ಅಂಗಳ. ಅದರಲ್ಲಿ ಸಾಹುಕಾರರ ಹಳೇ ಹೆಂಚಿನ ಗುಡ್ಡೆ, ಎಕ್ಕದ ಗಿಡಗಳು, ನನ್ನ ಕಕ್ಷಿಗಾರರು ಕಾದು ಕೂತು ಉಗಿದ ಎಲೆಅಡಿಕೆಯ ಕಲೆಗಳು, ಪಕ್ಕದಲ್ಲಿ ಒಂದು ಕರಿಬೇವಿನ ಮರ. ನಮಗೆ ಇದರಲ್ಲಿ ಕೊರತೆಯೇನೂ ಕಂಡಿರಲಿಲ್ಲ.

ಕೊರತೆ ಕಂಡದ್ದು ಕೃಷ್ಣರಾಜನಗರದಲ್ಲಿ. ಅಲ್ಲಿ ನನ್ನ ಷಡ್ಡಕನ ಮನೆ. ಆ ಊರಿನ ಬೀದಿಗಳೇ ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಮನೆಗಳಿಗೆಲ್ಲ ಕಾಂಪೌಂಡು, ಕಾಂಪೌಂಡಿನೊಳಗೆ ಹೂವು. ನಾವು ಹೊರಡುವಾಗ ನನ್ನ ನಾದಿನಿ ಒಂದು ಗುಲಾಬಿಯನ್ನು ಕಿತ್ತು ಅಕ್ಕನ ತುರುಬಿಗೆ ಸಿಕ್ಕಿಸಿ, "ಮುಡ್ಕೊಳೇ ಅಕ್ಕ, ಅಲ್ಲಿ ನಿನಗೆಲ್ಲಿ ಸಿಗಬೇಕು ಪಾಪ" ಎಂದಳು. ಆ ಪಾಪ ಎಂಬ ಎರಡಕ್ಷರ ಹುಣಸೂರಿನವರೆಗೂ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತು ಬಂತು. ಮನೆ ಬಾಗಿಲ ಬೀಗ ತೆಗೆಯುವಾಗ ನನ್ನ ಹೆಂಡತಿ ಗಿರಿಜೆ ಹೆಂಚಿನ ಗುಡ್ಡೆಯ ಕಡೆ ನೋಡಿ, "ಏನೂ ಬೇಡ ಬಿಡಿ, ನಮಗ್ಯಾಕೆ ಅದೆಲ್ಲ" ಎಂದಳು. ಮದುವೆಯಾದವರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಾರನೆಯ ದಿನವೇ ತೋಟದ ಕೆಲಸದವರನ್ನು ವಿಚಾರಿಸಲು ಹೊರಟೆ.

ಎಲ್ಲರೂ ಒಂದೇ ಹೆಸರು ಹೇಳಿದರು: ಖಾದರ್ ಸಾಬರು. ಕೊಡಗಿನ ಕಾಫಿತೋಟದ ದೊರೆಯೊಬ್ಬನ ಬಂಗಲೆಯಲ್ಲಿ ಬಹಳ ಕಾಲ ಹೂದೋಟ ನೋಡಿಕೊಂಡಿದ್ದವರು. ಸ್ವಾತಂತ್ರ್ಯ ಬಂದು ದೊರೆ ಹಡಗು ಹತ್ತಿದ ಮೇಲೆ ಹುಣಸೂರಿಗೆ ವಾಪಸು ಬಂದಿದ್ದರು. ಅವರು ನಮ್ಮ ಮನೆಗೆ ಬಂದ ರೀತಿಗೇ ನಾನು ಅರ್ಧ ಸೋತೆ. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಬೆತ್ತ, ಮೀಸೆಗೆ ಎಣ್ಣೆ. ನಾನೇ ಎದ್ದು ನಿಂತು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ. ಅಂಗಳದ ನಾಲ್ಕೂ ಮೂಲೆಗೆ ಹೋಗಿ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಕೊನೆಗೆ ನನ್ನ ಬಳಿ ಬಂದು, ರೋಗಿಯ ಮನೆಯವರೊಡನೆ ಡಾಕ್ಟರು ಮಾತಾಡುವ ದನಿಯಲ್ಲಿ ಹೇಳಿದರು:

"ಸಾಹೇಬ್ರೆ, ನಿಮ್ದು ಮನೆ ತಪ್ಪು ಜಾಗದಾಗೆ ಐತೆ."

ನನ್ನ ಬಾಯಿ ಮೊದಲ ಸಲ ತೆರೆದುಕೊಂಡದ್ದು ಆಗ.

"ಇನ್ನೂ ಇಪ್ಪತ್ತಡಿ ಇಂದಕ್ಕೆ ಕಟ್ಬೇಕಿತ್ತು. ಇರ್ಲಿ, ಆಗೋಗದೆ, ಏನ್ ಮಾಡಾಕಾಯ್ತದೆ. ನಾನು ಸರಿಮಾಡ್ಕೊಡ್ತೀನಿ."

ಮನೆಯನ್ನು ಇಪ್ಪತ್ತಡಿ ಹಿಂದಕ್ಕೆ ತಳ್ಳದೆ ಬಿಟ್ಟರಲ್ಲ ಎಂಬ ಸಮಾಧಾನದಲ್ಲಿ ನಾನು ಕೇಳಬೇಕಾದ್ದನ್ನು ಬಹಳ ಮೆತ್ತಗೆ ಕೇಳಿದೆ. "ಒಟ್ಟು ಎಷ್ಟಾಗಬಹುದು, ಸಾಬರೆ?"

ಖಾದರ್ ಸಾಬರು ನೊಂದುಕೊಂಡರು. "ನಾನು ರೇಟು ಏಳೋನಲ್ಲ ಸಾಹೇಬ್ರೆ. ನೀವೇ ನೋಡಿ ಕೊಡಿ."

ಕಾನೂನು ಓದಿದ ನಾನು, ಬರವಣಿಗೆಯಿಲ್ಲದ ಕರಾರಿನಿಂದ ಆಗುವ ಅನಾಹುತಗಳ ಮೇಲೆಯೇ ಹೊಟ್ಟೆ ಹೊರೆಯುತ್ತಿದ್ದ ನಾನು, ಆ ಮಾತು ಕೇಳಿ ಎಂಥ ದೊಡ್ಡ ಮನುಷ್ಯ ಎಂದು ಸಂತೋಷಪಟ್ಟೆ. ಅವರು ನೋಡಿ ಕೊಡಿ ಎಂದರೇ ಹೊರತು ಯಾರನ್ನು ನೋಡಿ ಎಂದು ಹೇಳಿರಲಿಲ್ಲ. ಕೆಲಸ ಶುರುವಾದ ವಾರದ ಕೊನೆಗೆ, ಪೇಟೆಯಲ್ಲಿ ಕೂಲಿ ವಿಚಾರಿಸಿ ಅದರ ಮೇಲೆ ಒಂದಿಷ್ಟು ಧಾರಾಳವಾಗಿಯೇ ಸೇರಿಸಿ ಅವರ ಕೈಗಿಟ್ಟೆ. ಖಾದರ್ ಸಾಬರು ಅಂಗೈಯಲ್ಲಿದ್ದ ಹಣವನ್ನು ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ಕೋಪವಿಲ್ಲ, ನಿಜವಾದ ಸಂದೇಹ ಮಾತ್ರ. "ಇದು ಬೀಡಿಗಾ ಸಾಹೇಬ್ರೆ?" ಎಂದು ಕೇಳಿದರು. ಬಾಯಿ ತೆರೆದುಕೊಂಡೇ ನಾನು ಒಳಗೆ ಹೋಗಿ ಇನ್ನೊಂದು ನೋಟು ತಂದೆ.

ಅಲ್ಲಿಂದ ಮುಂದೆ ಹಣದ ಲೆಕ್ಕವನ್ನು ನಾನು ರೂಪಾಯಿಯಲ್ಲಿ ಇಡುವುದನ್ನು ಬಿಟ್ಟೆ, ದಾವೆಗಳಲ್ಲಿ ಇಟ್ಟೆ. ನಮ್ಮ ಮಣ್ಣನ್ನು ಚಿಟಿಕೆ ತೆಗೆದು ಮೂಸಿದ ಸಾಬರು ಅದನ್ನು ಮಣ್ಣೆಂದು ಒಪ್ಪಲಿಲ್ಲವಾಗಿ, ಹನಗೋಡಿನ ಕಡೆಯಿಂದ ಗಾಡಿಗಟ್ಟಲೆ ಕೆಮ್ಮಣ್ಣು ಬಂತು. ಪಿರಿಯಾಪಟ್ಟಣದ ಅಣ್ಣತಮ್ಮಂದಿರ ಒಂದು ಪಾಲಿನ ದಾವೆ ಪೂರ್ತಿ ಆ ಕೆಮ್ಮಣ್ಣಿನ ಕೆಳಗೆ ಹೋಯಿತು. ಹೊಳೆಯಿಂದ ಬಂದ ನುಣುಪುಗಲ್ಲುಗಳಿಗೆ ಒಂದು ಬದುವಿನ ಜಗಳ ಸಾಕಾಯಿತು. ಗುಲಾಬಿ ಗಿಡಕ್ಕೆ ಮಡಿಕೇರಿಗೇ ಹೋಗಬೇಕೆಂದು ಸಾಬರು ನನ್ನ ಖರ್ಚಿನಲ್ಲಿ ಬಸ್ಸು ಹತ್ತಿದರು. ವಾಪಸು ಬರುವಾಗ ಗಿಡಗಳನ್ನು ಬಸ್ಸಿನ ಮಾಡಿಗೆ ಏರಿಸಲು ಅವರಿಗೆ ಮನಸ್ಸಾಗಲಿಲ್ಲವಂತೆ. ಅಕ್ಕಪಕ್ಕದ ಸೀಟುಗಳಲ್ಲಿ ಸಾಲಾಗಿ ಕೂರಿಸಿಕೊಂಡು ಬಂದರು. ಕಂಡಕ್ಟರು ಒಂದೊಂದು ಗಿಡಕ್ಕೂ ಅರ್ಧ ಟಿಕೇಟು ಹರಿದ. ನಾನು ಆ ಟಿಕೇಟುಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಸಾಬರು ಬೆನ್ನು ತಟ್ಟುವಂತೆ ಹೇಳಿದರು: "ಪೂರ್ತಿ ಟಿಕೇಟ್ ಕೇಳ್ದ ಸಾಹೇಬ್ರೆ. ಇನ್ನೂ ಚಿಕ್ಕವು ಅಂತ ಏಳಿ ನಾನೇ ಅರ್ಧಕ್ಕೆ ಒಪ್ಪಿಸ್ದೆ."

ಇದೆಲ್ಲ ದುಡ್ಡಿನ ಮಾತು, ಹೋಗಲಿ. ನಿಜವಾದ ಆಘಾತ ಒಂದು ಸಂಜೆ ಕೋರ್ಟಿನಿಂದ ಬಂದಾಗ ಕಾದಿತ್ತು. ಗೇಟು ತೆರೆದರೆ ಅಂಗಳ ಯಾಕೋ ಬೆಳ್ಳಗೆ ಕಂಡಿತು. ಕರಿಬೇವಿನ ಮರ ಇರಲಿಲ್ಲ. ಅದರ ಜಾಗದಲ್ಲಿ ಎರಡು ಗೂಟ, ಗೂಟಗಳ ನಡುವೆ ಒಂದು ದಾರ, ದಾರದ ಆಚೆ ತೃಪ್ತರಾಗಿ ನಿಂತ ಖಾದರ್ ಸಾಬರು. ಗಿರಿಜೆ ಮಧ್ಯಾಹ್ನ ನಿದ್ದೆಗೆ ಜಾರಿದ್ದಾಗ ಕೆಲಸ ಮುಗಿದಿತ್ತು.

"ದಾರಿ ಬರ್ಬೇಕಲ್ಲ, ಗೇಟಿಂದ ಬಾಗ್ಲಿಗೆ. ಮರ ಅಡ್ಡ ನಿಂತಿತ್ತು" ಎಂದರು.

"ದಾರಿಯನ್ನೇ ಸ್ವಲ್ಪ ಬಗ್ಗಿಸಬಹುದಿತ್ತಲ್ಲ, ಸಾಬರೆ!"

"ಬಂಗ್ಲೆ ದಾರಿ ಬಗ್ಗಾಕಿಲ್ಲ ಸಾಹೇಬ್ರೆ" ಎಂದರು ಅವರು.

ಆ ಮರವನ್ನು ಗಿರಿಜೆ ತವರಿನಿಂದ ಮೊಣಕಾಲುದ್ದದ ಸಸಿಯಾಗಿ ತಂದು ನೆಟ್ಟಿದ್ದಳು. ನಮ್ಮ ಬೀದಿಯ ಅಷ್ಟೂ ಮನೆಗಳ ಒಗ್ಗರಣೆ ಆ ಮರವನ್ನು ನಂಬಿಕೊಂಡಿತ್ತು. ಸುದ್ದಿ ಹರಡಿದ ಮೇಲೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಸಾವಾದ ಮನೆಗೆ ಬಂದವರ ಹಾಗೆ ಜಗಲಿಯ ಮೇಲೆ ಕೂತು, "ಹೆಂಗಾಯ್ತವ್ವಾ? ಬೆಳಿಗ್ಗೆ ನಾನೇ ನೋಡಿದ್ನಲ್ಲಾ, ಚೆನ್ನಾಗೇ ಇತ್ತು" ಎಂದು ಮಾತಾಡಿಸಿಕೊಂಡು ಹೋದರು. ಗಿರಿಜೆ ಅಳಲಿಲ್ಲ, ಬೈಯಲೂ ಇಲ್ಲ. ಆ ಸಲ ಬಾಯಿ ತೆರೆದುಕೊಂಡು ನಿಂತವಳು ಅವಳು. ಆಮೇಲೆ ಕೆಲವು ತಿಂಗಳು ನಮ್ಮ ಮನೆಯ ಸಾರಿಗೆ ಕರಿಬೇವು ಬೀಳಲಿಲ್ಲ. ಪೇಟೆಯಲ್ಲಿ ಕೊಂಡು ತಂದರೂ ಹಾಕುತ್ತಿರಲಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು: ತೋಟ ಎದ್ದಾಗ ಅದು ತೋಟವಾಗಿತ್ತು. ಕೆಂಪು ದಾರಿ, ಅದರ ಎರಡು ಅಂಚಿಗೆ ಹೊಳೆಯ ಕಲ್ಲು, ಆಚೆ ಈಚೆ ಕತ್ತರಿಸಿದ ಹಸಿರು ಹುಲ್ಲು, ಮನೆಯ ಮುಂದೆ ಮಡಿಕೇರಿ ಗುಲಾಬಿ. ಮೈಸೂರಿನ ಬಸ್ಸಿಗೆ ಹೊರಟವರು ಕಾಂಪೌಂಡಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು. ಕಕ್ಷಿಗಾರರು ಉಗಿಯಲು ಬೀದಿಗೆ ಹೋಗುತ್ತಿದ್ದರು. ನನ್ನ ನಾದಿನಿ ಬಂದಳು, ನೋಡಿದಳು, ಮಾತು ಬಾರದೆ ಒಂದು ಲೋಟ ನೀರು ಕುಡಿದಳು. ಹೊರಡುವಾಗ ಗಿರಿಜೆ ಒಂದಲ್ಲ, ಎರಡು ಗುಲಾಬಿ ಕಿತ್ತು ತಂಗಿಯ ಮುಡಿಗೆ ಸಿಕ್ಕಿಸಿದಳು. ಆ ರಾತ್ರಿ ಸಾರಿನಲ್ಲಿ ಕರಿಬೇವು ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನೊಬ್ಬ ಸುಖಿ. ಒಂದು ಭಾನುವಾರ ಬೆಳಿಗ್ಗೆ ಬಿಳಿ ಪೇಟ, ಜರಿ ಅಂಚಿನ ವಲ್ಲಿ ಹಾಕಿಕೊಂಡು ಪುಟ್ಟಬಸಪ್ಪ ಸಾಹುಕಾರರು ತಾವೇ ಬಂದರು. ಅವರ ಹಿಂದೆ ಖಾದರ್ ಸಾಬರು. ತಮ್ಮ ಕೈಕೆಲಸವನ್ನು ಊರಿನ ದೊಡ್ಡವರಿಗೆಲ್ಲ ತೋರಿಸಬೇಕೆಂಬ ಆಸೆಯಿಂದ ಅವರೇ ಕರೆದುಕೊಂಡು ಬಂದಿದ್ದರು. ಸಾಹುಕಾರರು ಕೆಂಪು ದಾರಿಯ ಮೇಲೆ ನಿಧಾನವಾಗಿ ನಡೆದರು, ಹುಲ್ಲನ್ನು ಚಪ್ಪಲಿ ಬಿಟ್ಟು ತುಳಿದು ನೋಡಿದರು, ಗುಲಾಬಿಯೊಂದನ್ನು ಹೊಗೆಸೊಪ್ಪಿನ ಎಲೆಯ ಹಾಗೆ ಬೆರಳಲ್ಲಿ ತಿರುವಿ ಮೂಸಿದರು. ಗಿರಿಜೆ ಕಾಫಿ ತಂದಳು. ಹೊಗಳಿಕೆ ಬರುತ್ತದೆಂದು ನಾನು ವಿನಯದ ಮುಖ ಮಾಡಿಕೊಂಡು ಕಾದೆ.

"ವಕೀಲ್ರೆ, ಬರೋ ತಿಂಗ್ಳಿಂದ ಬಾಡ್ಗೆ ಇಪ್ಪತ್ತೈದು ಮಾಡ್ಕಬುಡಿ" ಎಂದರು ಸಾಹುಕಾರರು.

ಎಷ್ಟು ಹೊತ್ತು ನನ್ನ ಬಾಯಿ ತೆರೆದಿತ್ತೋ ತಿಳಿಯದು. ಕೊನೆಗೆ ಹೇಗೋ ಮಾತು ಹೊರಟಿತು. "ಸಾಹುಕಾರ್ರೆ, ಈ ತೋಟ ಮಾಡಿಸಿದ್ದು ನಾನು! ಮಣ್ಣು ನನ್ನದು, ಗಿಡ ನನ್ನದು, ಕೂಲಿ ನನ್ನದು!"

"ಇಲ್ಲ ಅಂದ್ನಾ?" ಎಂದರು ಅವರು ಬಹಳ ಪ್ರೀತಿಯಿಂದ. "ಮೊದ್ಲು ಇದು ತ್ವಾಟ ಇಲ್ದಿದ್ ಮನೆ, ಅದಿನೈದು. ಈಗ ತ್ವಾಟ ಇರೋ ಮನೆ. ನೀವೇ ಯೋಳಿ, ತ್ವಾಟ ಇರೋ ಮನೆ ಅದಿನೈದಕ್ಕೆ ಯಾರ್ ಕೊಟ್ಟಾರು?"

"ಆದರೆ ನ್ಯಾಯ ಅಂತ ಒಂದು..."

"ನ್ಯಾಯ ನೀವೇ ಯೋಳಿದ್ರಲ್ಲ ಕಣ್ರೀ! ಓದ್ವರ್ಸ ಆ ಅಂಗ್ಡಿ ಕೇಸು ನಡೀವಾಗ ನಾನೂ ಕೋರ್ಟಲ್ಲಿ ಇಂದ್ಗಡೆ ಬೆಂಚಲ್ಲಿ ಕುಂತಿದ್ದೆ. ಬಾಡ್ಗೆದಾರ ನೆಲಕ್ಕೆ ಸೇರ್ಸಿದ್ದು ನೆಲದೋನಿಗೇ ಸೇರ್ತು, ಅವನ್ದು ಅನುಭೋಗ ಮಾತ್ರ ಅಂತ ಎಂಗ್ ಯೋಳಿದ್ರಿ ಅಂತೀರಿ! ಅಲ್ಲಿದ್ದೋರೆಲ್ಲ ತಲೆ ತೂಗುದ್ರು. ಜಡ್ಜೂ ತೂಗ್ದ."

ಆ ದಾವೆಯನ್ನು ನಾನು ಗೆದ್ದಿದ್ದೆ. ಅದಕ್ಕೆ ಬಂದ ಫೀಸು ಹುಲ್ಲಿಗೆ ಹೋಗಿತ್ತು. ಇಂಥ ಹೊತ್ತಿನಲ್ಲಿಯೂ, ವಾದ ಚೆನ್ನಾಗಿತ್ತೆಂದು ಅವರು ಹೇಳಿದಾಗ ಒಳಗೆಲ್ಲೋ ಒಂದು ಚೂರು ಹಿಗ್ಗಿದೆ ಎಂಬುದು ನನ್ನನ್ನು ಈಗಲೂ ನಾಚಿಸುತ್ತದೆ. ನಾನು ನನ್ನ ವಿರುದ್ಧವೇ ಅಪೀಲು ಹೋಗುವುದಾದರೂ ಹೇಗೆ? ಸಾಹುಕಾರರು ಕಾಫಿ ಮುಗಿಸಿ, ಖಾದರ್ ಸಾಬರ ಬೆನ್ನು ತಟ್ಟಿ ಹೋದರು.

ಅವರು ಗೇಟು ದಾಟಿದ ಮೇಲೆ ನನಗೆ ಒಂದು ಯೋಚನೆ ಹೊಳೆಯಿತು. ತೋಟ ಇದ್ದರೆ ತಾನೆ ಇಪ್ಪತ್ತೈದು? ತೋಟವನ್ನೇ ಕಿತ್ತುಹಾಕಿದರೆ? ಇನ್ನೂ ಅಲ್ಲೇ ನಿಂತಿದ್ದ ಖಾದರ್ ಸಾಬರನ್ನು ಕರೆದು, ಎಲ್ಲವನ್ನೂ ತೆಗೆದು ಅಂಗಳವನ್ನು ಮೊದಲಿನಂತೆ ಮಾಡಿಕೊಡಬೇಕು, ಈ ಸಲ ರೇಟು ಮೊದಲೇ ಹೇಳಬೇಕು ಎಂದೆ. ಸಾಬರ ಮುಖ ಬಿಳಿಚಿತು. ಬೆತ್ತದ ಹಿಡಿ ಸವರಿ ರೇಟು ಹೇಳಿದರು. ಮಾಡಿಸಲು ಕೊಟ್ಟದ್ದರ ಎರಡರಷ್ಟು!

"ಕೀಳುವುದಕ್ಕೆ ಎರಡರಷ್ಟಾ?" ಎಂದು ಕಿರಿಚಿದೆ.

"ಮಾಡೋವಾಗ ಖುಷೀಲಿ ಮಾಡ್ದೆ ಸಾಹೇಬ್ರೆ, ಅದ್ಕೇ ಕಮ್ಮಿ ತಗೊಂಡೆ. ಕೀಳೋಕೆ ಮನ್ಸು ಕಲ್ ಮಾಡ್ಕೋಬೇಕು" ಎಂದು ಅವರು ಕೋಟಿನ ಅಂಚಿನಿಂದ ಕಣ್ಣೊರೆಸಿಕೊಂಡರು. "ಅಲ್ದೆ, ಮಣ್ಣು ಸಾಗ್ಸೋ ಗಾಡಿ ಬ್ಯಾರೆ."

ನಿಜವಾಗಿಯೂ ಕಣ್ಣೀರು ಬಂದಿತ್ತು. ನಾನು ಅವರನ್ನು ಕಳಿಸಿಕೊಟ್ಟೆ. ಒಳಗೆ ಹೋದರೆ ಗಿರಿಜೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನೀವೇ ಕಿತ್ತು ಹಾಕಿ. ನನ್ನ ಮರ ಕಡಿಸಿದೋರಿಗೆ ಗುಲಾಬಿ ಏನು ಲೆಕ್ಕ?" ಎಂದಳು. ಅದು ಒಪ್ಪಿಗೆಯೋ ಶಾಪವೋ ತಿಳಿಯದೆ, ಮಾರನೆಯ ಬೆಳಿಗ್ಗೆ ಪಕ್ಕದ ಮನೆಯಿಂದ ಗುದ್ದಲಿ ಎರವಲು ತಂದು, ಪಂಚೆ ಎತ್ತಿ ಕಟ್ಟಿ ಗುಲಾಬಿಯ ಮುಂದೆ ನಿಂತೆ. ನಾನು ಹುಟ್ಟಿದ ಮೇಲೆ ಗುದ್ದಲಿ ಹಿಡಿದದ್ದು ಅದೇ ಮೊದಲು. ಎಲ್ಲಿಗೆ ಹಾಕಬೇಕೆಂದು ಗುರಿ ನೋಡಿಕೊಂಡು, ಉಸಿರು ಬಿಗಿಹಿಡಿದು, ತಲೆಯ ಮೇಲಕ್ಕೆ ಎತ್ತಿದೆ.

"ನೋಡುದ್ರಾ, ನಮ್ಮ ವಕೀಲ್ರು!" ಎಂದು ಗೇಟಿನ ಕಡೆಯಿಂದ ಕೇಳಿಸಿತು.

ಸಾಹುಕಾರರು ನಿಂತಿದ್ದರು. ಪಕ್ಕದಲ್ಲಿ ಹೆಗ್ಗಡದೇವನಕೋಟೆ ಕಡೆಯ ಹೊಸ ಬೀಗರು, ಗಂಡ ಹೆಂಡತಿ ಇಬ್ಬರೂ. ತೋಟ ತೋರಿಸಲು ಕರೆದುಕೊಂಡು ಬಂದಿದ್ದರು. "ಕೋರ್ಟಿಗೋಗೋಕ್ ಮುಂಚೆ ತಾವೇ ಕೆಲ್ಸ ಮಾಡ್ತಾರೆ. ಇಂಥಾ ಬಾಡ್ಗೆದಾರ್ರು ಎಲ್ ಸಿಕ್ತಾರೆ, ಯೋಳಿ?"

ಬೀಗಿತ್ತಿ ಸೆರಗಿನ ಮರೆಯಿಂದ, "ಎಷ್ಟ್ ಚೆಂದಾಗ್ ನೋಡ್ಕಂಡವ್ರೆ, ದೇವ್ರಂಥ ಮನ್ಸ" ಎಂದಳು.

ಎತ್ತಿದ ಗುದ್ದಲಿ ತಲೆಯ ಮೇಲೇ ಇತ್ತು. ಮೂವರೂ ನಗುತ್ತ ನೋಡುತ್ತಿದ್ದರು; ಕಿಟಕಿಯಿಂದ ಗಿರಿಜೆಯೂ ನೋಡುತ್ತಿದ್ದಳು. ನಾನು ಗುದ್ದಲಿಯನ್ನು ಬಹಳ ನಿಧಾನವಾಗಿ ಇಳಿಸಿ, ಬೇರಿಗೆ ತಾಗದಂತೆ ಬುಡದ ಪಕ್ಕಕ್ಕೆ ತಂದು, ಮಣ್ಣನ್ನು ಚೂರು ಸಡಿಲ ಮಾಡಿದೆ.

"ಅಂಗೇ ಆ ಕಡೀಕೂ ಒಸಿ ಕೆರೀರಿ, ವಕೀಲ್ರೆ" ಎಂದರು ಸಾಹುಕಾರರು.

ನಾನು ಆ ಕಡೆಗೂ ಸ್ವಲ್ಪ ಕೆರೆದೆ.