ಉಂಡ ಮ್ಯಾಲೆ ಮಾತು

ಕಾಲುವೆಯ ಕೊನೆಗೆ ಹೊಲ ಇರುವವನು ಮದುವೆಯ ಕೊನೆಯ ಪಂಕ್ತಿಗೆ ಕೂತವನಿದ್ದಂತೆ. ಎಲೆ ಸಿಗುತ್ತದೆ, ಹೋಳಿಗೆ ಸಿಗುವುದಿಲ್ಲ. ಕಲ್ಲೂರಿನ ಬೂದೆಪ್ಪನ ಪಾಡೂ ಅದೇ. ಮೇಲಿನವರು ಭತ್ತ ಹಚ್ಚಿ ನೀರನ್ನೆಲ್ಲ ಹೀರುತ್ತಿದ್ದರು. ಅವನ ಜೋಳ ತೆನೆ ಹಿಡಿದು ನಿಂತಿತ್ತು. ಈ ವಾರ ಒಂದು ಸಲ ನೀರು ಹಾಯಿಸದಿದ್ದರೆ ಕಾಳೆಲ್ಲ ಜೊಳ್ಳು.

ಅಷ್ಟರಲ್ಲಿ ಅದೃಷ್ಟ ಜೀಪು ಹತ್ತಿತು. ಕೊನೆ ಭಾಗದ ರೈತರ ಸ್ಥಿತಿ ನೋಡಲು ರಾಯಚೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ, ಬೂದೆಪ್ಪನ ಹೊಲದಲ್ಲೇ ಇಳಿಯುತ್ತಾರೆ ಎಂದು ಸುದ್ದಿ ಬಂತು.

"ಬಂದ ಕೂಡ್ಲೆ ನೀರು ಕೇಳು," ಎಂದಳು ಹೆಂಡತಿ ಹನುಮಂತಮ್ಮ.

"ಹುಚ್ಚಿ! ಬಂದವ್ರಿಗೆ ಉಣ್ಣಾಕ ಇಡೋದು ಬಿಟ್ಟು ಮೊದ್ಲ ಗೋಳು ಹೇಳ್ತಾರೇನು? ಉಂಡ ಮ್ಯಾಲೆ ಮಾತು."

ಮನೆಯಲ್ಲಿ ಜೋಳ ತೀರಿತ್ತು, ಹೊಲದಲ್ಲಿದ್ದದ್ದು ಇನ್ನೂ ಹಾಲುಗಾಳು. ಬೂದೆಪ್ಪ ಬೆಳಿಗ್ಗೆಯೇ ಸಿರವಾರಕ್ಕೆ ಓಡಿ ಹಿಟ್ಟು ಕೊಂಡು ತಂದ. ಬರುವಾಗ ಶಂಭುಲಿಂಗಪ್ಪ ಗಂಟುಬಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಅವರ ಭತ್ತದ ಗದ್ದೆ, ಊರಲ್ಲಿ ಅಕ್ಕಿ ಗಿರಣಿ. ಬೂದೆಪ್ಪ ನೀರಿನ ಮಾತೆತ್ತಿದರೆ ಸಾಕು, ಇವರಿಗೆ ಹೊಟ್ಟೆನೋವು. ಇವತ್ತು ಮಾತ್ರ ಬಾಯಿ ತುಂಬ ಪ್ರೀತಿ.

"ನಮ್ಮ ಮನಿಲಿಂದ ಕೆನಿಮೊಸರು ಕಳಸ್ತೀನಿ ಬೂದೆಪ್ಪ. ಶೇಂಗಾ ಹಿಂಡಿನೂ ಇರ್ಲಿ. ಊರಿನ ಮರ್ಯಾದಿ ಪ್ರಶ್ನಿ!"

ದೇವದುರ್ಗ ಸುತ್ತಿ ಹಸಿದು ಬಂದ ಸಾಹೇಬರು ಬೇವಿನ ನೆರಳಲ್ಲಿ ಕೂತರು. ಮೊದಲ ರೊಟ್ಟಿಗೆ ಕನ್ನಡಕ ತೆಗೆದರು, ಎರಡನೆಯದಕ್ಕೆ ಬೆಲ್ಟು ಸಡಿಲಿಸಿದರು. ಬೂದೆಪ್ಪ ಬಾಯಿ ತೆರೆದಾಗಲೆಲ್ಲ ಶಂಭುಲಿಂಗಪ್ಪ, "ಸಾಹೇಬ್ರಿಗೆ ಇನ್ನೊಂದು ಬಿಸಿದು ಹಾಕಪಾ!" ಎಂದು ಅಡ್ಡ ಬಂದರು.

ಕೈ ತೊಳೆದು ಸಾಹೇಬರು ಕೇಳಿದರು, "ಇಂಥ ರೊಟ್ಟಿ ನಾನು ತಿಂದೇ ಇರ್ಲಿಲ್ಲ. ಇದೇ ಹೊಲದ ಜೋಳಾನಾ?"

ಉಂಡವರ ಮುಂದೆ 'ನಿಮಗಾಗಿ ಕೊಂಡು ತಂದದ್ದು' ಅನ್ನುವುದೆಂದರೆ ಇಟ್ಟ ಊಟವನ್ನು ಆಡಿ ತೋರಿಸಿದಂತೆ. ಅಂಥ ನಾಚಿಕೆಗೇಡು ಬೂದೆಪ್ಪನ ವಂಶದಲ್ಲಿ ಯಾರೂ ಮಾಡಿರಲಿಲ್ಲ.

"ಹೌದ್ರಿ," ಎಂದುಬಿಟ್ಟ. ಕೂಡಲೇ ಕೈ ಮುಗಿದು, "ಆದ್ರ ನೀರು ಬರಂಗಿಲ್ರಿ ಸಾಹೇಬ್ರ! ಒಂದು ಹನಿನೂ ಇಲ್ರಿ!"

"ಒಂದು ಹನಿ ನೀರಿಲ್ಲದೆ ಇದನ್ನ ಬೆಳೆದ್ರಾ?" ಸಾಹೇಬರು ಎದ್ದೇ ನಿಂತರು.

"ಮತ್ತ ನೋಡ್ರಿ!" ಶಂಭುಲಿಂಗಪ್ಪ ಚಪ್ಪಾಳೆ ಹೊಡೆದರು. "ನಾವೆಷ್ಟು ಹೇಳಿದ್ರೂ ಇಂವ ನೀರು ಮುಟ್ಟಂಗಿಲ್ರಿ."

"ಅಲ್ರಿ, ಜೋಳಕ್ಕೂ ನೀರು ಬೇಕ್ರಿ..."

"ಎಂಥ ವಿನಯ!" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಶಂಭುಲಿಂಗಪ್ಪ ಗಿರಣಿಯಿಂದ ಶಾಲು ತರಿಸಿ ಹೊದಿಸಿದರು. ಫೋಟೋ ಆಯಿತು, ಜೀಪು ಹೋಯಿತು. ಒಲೆಯ ಮುಂದೆ ಹನುಮಂತಮ್ಮ ಹಣೆ ಹಣೆ ಬಡಿದುಕೊಂಡಳು.

ನೀರು ಬಿಡಿ ಎಂದರೆ ತಿಂಗಳುಗಟ್ಟಲೆ ಕದಲದ ಕಚೇರಿ ಅವತ್ತು ಅರ್ಧ ದಿನದಲ್ಲಿ ಕದಲಿತು. ಸಂಜೆ ಕಾಲುವೆ ಕಾಯುವ ತಾಯಣ್ಣ ಬಂದು ಬೂದೆಪ್ಪನ ಹೊಲದ ತೂಬಿಗೆ ಬೀಗ ಜಡಿಯತೊಡಗಿದ.

"ಲೇ, ಏನ್ ಮಾಡಾಕತ್ತೀಯೋ?"

"ಸಾಹೇಬ್ರ ಹುಕುಂ ಅಣ್ಣ. ನಿಂದು ನೀರಿಲ್ಲದ ಮಾದರಿ ಹೊಲ ಅಂತ. ಅಪ್ಪಿತಪ್ಪಿ ನೀರು ಬಂದ್ರ ಮಾದರಿ ಕೆಡ್ತದಂತ. ನಿನ್ನ ಪಾಲಿನ ನೀರು ಶಂಭುಲಿಂಗಪ್ಪನವ್ರ ಗದ್ದಿಗೆ."

ಬೂದೆಪ್ಪ ಶಾಲು ಸಮೇತ ಒಣ ಕಾಲುವೆಯಲ್ಲಿ ಕುಸಿದು ಕೂತ.

ತಾಯಣ್ಣ ಕೀಲಿಕೈ ಜೇಬಿಗೆ ಹಾಕಿಕೊಂಡ. "ಅಕ್ಕಗ ಒಂದು ಮಾತು ಹೇಳಿಬಿಡಣ್ಣ. ಬರೋ ತಿಂಗಳು ಬೆಂಗಳೂರಿಲಿಂದ ಒಂದು ಬಸ್ಸು ತುಂಬ ಸಾಹೇಬ್ರು ಬರ್ತಾರಂತ, ಈ ಹೊಲದ ಜೋಳದ ರೊಟ್ಟಿ ಉಣ್ಣಾಕ."