ರಟ್ಟಿನ ಮೇಲೊಂದು ಚೀಟಿ

ಗುಮಾಸ್ತ ಹುಕ್ರಪ್ಪ ಆ ನೋಟೀಸನ್ನು ತಾಲೂಕು ಕಚೇರಿಗೆ ತರಬಾರದಿತ್ತು. 1983ರಲ್ಲಿ, ಬದುಕಿನಲ್ಲಿ ಮೊದಲ ಬಾರಿ, ಅವನ ಹೆಸರು ಅಚ್ಚಾಗಿತ್ತು. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆ, 'ವಿದುರ: ಶ್ರೀ ಹುಕ್ರಪ್ಪ.' ಹನ್ನೆರಡು ವರ್ಷ ಚಾಪೆಯ ತುದಿಯಲ್ಲಿ ಕೂತು ಕೇಳಿದವನಿಗೆ ಕೊನೆಗೂ ಪಾತ್ರವಾಗಿ ಅರ್ಥ ಹೇಳುವ ಯೋಗ. ಅಂದೇ ಸಂಜೆ ಐದಕ್ಕೆ ಮಾಣಿಯಲ್ಲಿ ಆರಂಭ. ಬಂಟ್ವಾಳದಿಂದ ನಾಲ್ಕರ ಬಸ್ಸು ತಪ್ಪಿದರೆ ಹಸ್ತಿನಾವತಿಗೆ ವಿದುರನಿಲ್ಲ.

ಹೆಡ್‌ಕ್ಲಾರ್ಕ್ ಮಹಾಲಿಂಗೇಶ್ವರ ಭಟ್ಟರು ನೋಟೀಸನ್ನು ಎರಡು ಸಲ ಓದಿದರು. ಕನ್ನಡಕ ಒರಸಿಕೊಂಡರು. ಆಮೇಲೆ ರೇಶನ್ ಕಾರ್ಡಿನ ದೊಡ್ಡ ರಿಜಿಸ್ಟರ್ ತರಿಸಿದರು. ಅಟೆಂಡರ್ ಉಮ್ಮರ್ ಅದನ್ನು ಈಗಷ್ಟೇ ಹುಟ್ಟಿದ ಎಮ್ಮೆಕರುವಿನಂತೆ ಎರಡು ಕೈಯಲ್ಲಿ ಎತ್ತಿ ತಂದ.

"ಒಂಬತ್ತು ಸಾವಿರ ಹೆಸರುಂಟು. ಎಲ್ಲರ ಎದುರೂ ಅಂಗಡಿ ನಂಬ್ರ ಮೂರು ಅಂತ ಉಂಟು. ಹೊಡೆದು ಹನ್ನೊಂದು ಮಾಡಿ. ಮುಗಿಸಿ ಎಲ್ಲಿಗೆ ಬೇಕಾದ್ರೂ ಹೋಗಿ," ಎಂದರು ಭಟ್ಟರು.

ನಿಮಿಷಕ್ಕೆ ಐದರಂತೆ ಮೂವತ್ತು ತಾಸು. ಹುಕ್ರಪ್ಪನ ಸಿಟ್ಟು ಗಂಜಿಯಂತೆ ಉಕ್ಕಿತು. ಆರು ತಿಂಗಳಿಂದ ಗೆದ್ದಲಿಗೆ ಊಟ ಹಾಕುತ್ತಿದ್ದ ಪುಸ್ತಕಕ್ಕೆ ಇವತ್ತೇ ಅರ್ಜೆಂಟು.

ಉಮ್ಮರ್ ತಲೆ ಕೆರೆದುಕೊಂಡ. "ಅಲ್ಲ ಹುಕ್ರಪ್ಪಣ್ಣ, ಎಲ್ಲರಿಗೂ ಒಂದೇ ನಂಬ್ರ ಅಲ್ವಾ? ಒಂಬತ್ತು ಸಾವಿರ ಸರ್ತಿ ಯಾಕೆ ಬರೆಯುದು? ರಟ್ಟಿನ ಮೇಲೆ ಒಂದು ಸರ್ತಿ ಬರೆದ್ರೆ ಸಾಕಲ್ಲ ಮಾರಾಯ್ರೆ."

ಹುಕ್ರಪ್ಪ ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಚಂದದ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ: 'ಇದರಲ್ಲಿ ಮೂರು ಎಂದಿರುವಲ್ಲೆಲ್ಲ ಹನ್ನೊಂದು ಎಂದು ಓದಿಕೊಳ್ಳತಕ್ಕದ್ದು.'

ಭಟ್ಟರು ಚೀಟಿಯನ್ನು ಮೆಲ್ಲನೆ ಬಿಡಿಸಿದರು. "ಇದು ಸರಕಾರದ ಪುಸ್ತಕವಾ, ಮಕ್ಕಳ ಆಟವಾ? ಚೀಟಿ ಅಂಟಿಸಿದ್ರೆ ಮೂರು ಹೋಗಿ ಹನ್ನೊಂದು ಆಗ್ತದಾ? ಒಂದೊಂದೇ ಹೊಡೆದು ಬರೀರಿ." ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಎರಡು ಗಂಟೆಗೆ ಕಲ್ಲಡ್ಕದಲ್ಲಿ ಇನ್‌ಸ್ಪೆಕ್ಷನ್ ಎಂದು ಹೊರಟೂ ಹೋದರು.

"ಒಂದೊಂದೇ ಹೊಡೆದು ಬರೀರಿ," ಎಂದು ಟೈಪಿಸ್ಟ್ ಪ್ರಫುಲ್ಲಾ ಭಟ್ಟರ ಮೂಗುದನಿಯಲ್ಲೇ ಹೇಳಿ, ಬ್ಲೇಡಿನಿಂದ ರಿಜಿಸ್ಟರಿನ ಹೊಲಿಗೆ ಕತ್ತರಿಸಿದಳು. ಹಾಳೆಗಳನ್ನು ಕಚೇರಿಯವರಿಗೆ ಹಂಚಿದಳು. ಸಾಲದ್ದಕ್ಕೆ ಕಾರ್ಡಿಗಾಗಿ ವರಾಂಡದಲ್ಲಿ ಕಾಯುತ್ತಿದ್ದವರಿಗೂ. ಇಪ್ಪತ್ತು ಪೆನ್ನುಗಳು ಗದ್ದೆಗಿಳಿದ ಕೊಕ್ಕರೆಗಳಂತೆ ಕುಕ್ಕತೊಡಗಿದವು.

ಅಷ್ಟರಲ್ಲಿ ಕಾರ್ಡಿಗೆ ಬಂದಿದ್ದ ಕೂಸಪ್ಪ ಮೂರು ಕಂಡಲ್ಲೆಲ್ಲ ಹನ್ನೊಂದು ಮಾಡಿಬಿಟ್ಟಿದ್ದ. ಮೂರು ಮಕ್ಕಳ ತಾಯಿ ರಾಜೀವಿಗೆ ಅರೆಗಳಿಗೆಯಲ್ಲಿ ಹನ್ನೊಂದು ಮಕ್ಕಳಾಗಿದ್ದವು. ಹುಕ್ರಪ್ಪ ಗಾಬರಿಯಿಂದ ತಿದ್ದಲು ಹೋದರೆ, ಪಕ್ಕದಲ್ಲೇ ಕೂತಿದ್ದ ರಾಜೀವಿ ಹಾಳೆಯ ಮೇಲೆ ಕೈ ಇಟ್ಟಳು.

"ಇರ್ಲಿ ಬಿಡಿ. ಸಕ್ಕರೆ ಜಾಸ್ತಿ ಸಿಕ್ತದೆ."

ಅವಳ ಕೈ ಸರಿಸಿ ಎಂಟು ಮಕ್ಕಳನ್ನು ಹೊಡೆದುಹಾಕಿ ಪುಸ್ತಕ ಮುಗಿಸುವಷ್ಟರಲ್ಲಿ ನಾಲ್ಕಕ್ಕೆ ಐದು ನಿಮಿಷ. ಹುಕ್ರಪ್ಪ ಓಡಿದ. ಬಸ್ಸಿನ ಮೆಟ್ಟಿಲಲ್ಲಿ ಜೋತುಬಿದ್ದು, ದಾರಿಯುದ್ದಕ್ಕೂ ವಿದುರನ ಮಾತನ್ನು ಕಂಡಕ್ಟರನಿಗೆ ಒಪ್ಪಿಸುತ್ತ, ಐದಕ್ಕೆ ಮುಂಚೆಯೇ ಮಾಣಿಯ ಯುವಕ ಮಂಡಲದ ಬಾಗಿಲಿಗೆ ಬಂದ.

ಬಾಗಿಲಲ್ಲಿ ನೋಟೀಸಿತ್ತು. ಅದರ ಮೇಲೊಂದು ಚೀಟಿ. ಅಕ್ಷರ ಅವನದೇ. 'ಮೂರು' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಹುಕ್ರಪ್ಪ' ಎಂದೂ, 'ಹನ್ನೊಂದು' ಎಂಬುದನ್ನು ಹೊಡೆದು 'ಮಹಾಲಿಂಗೇಶ್ವರ ಭಟ್' ಎಂದೂ ಬರೆದಿತ್ತು. ಉಳಿದದ್ದೆಲ್ಲ ಇದ್ದ ಹಾಗೇ: 'ಎಂದು ಓದಿಕೊಳ್ಳತಕ್ಕದ್ದು.'

ಒಳಗೆ ವಿದುರನ ಜಾಗದಲ್ಲಿ ಶಾಲು ಹೊದ್ದು ಭಟ್ಟರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹುಕ್ರಪ್ಪ ಚಾಪೆಯ ತುದಿಯಲ್ಲಿ, ಹನ್ನೆರಡು ವರ್ಷದ ತನ್ನ ಹಳೇ ಜಾಗದಲ್ಲಿ ಕುಸಿದ.

ಭಟ್ಟರು ಅವನನ್ನು ಕಂಡು ಮುಂದೆ ಬಾಗಿ, ಮೆಲುದನಿಯಲ್ಲಿ ಕೇಳಿದರು:

"ಎಲ್ಲ ಒಂದೊಂದೇ ಹೊಡೆದು ಬರೆದಿದ್ದೀರಲ್ಲ?"